ಒಂಬತ್ತು ಲಕ್ಷದ ಆಫರ್, ಎರಡು ಮನೆ: ಬೆಂಗಳೂರಿಗೆ ಹೊರಡುವ ಮೊದಲಿನ ಲೆಕ್ಕ

ಪ್ರಶ್ನೆ: ನಮ್ಮದು ದಾವಣಗೆರೆ. ಸ್ವಂತ ಮನೆ ಇದೆ, ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ಯಜಮಾನರಿಗೆ ಇಲ್ಲಿ ಕೈಗೆ ಬರುವ ಸಂಬಳ 38,000. ನಾನು ಮನೆಯಲ್ಲೇ ಬ್ಲೌಸ್ ಹೊಲಿದು ತಿಂಗಳಿಗೆ 6,000 ದುಡಿಯುತ್ತೇನೆ. ಮನೆ ಖರ್ಚು 28,000, ಚೀಟಿಗೆ 5,000, ಉಳಿದದ್ದು ಬ್ಯಾಂಕಿಗೆ. ಈಗ ಅವರಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ವರ್ಷಕ್ಕೆ 9 ಲಕ್ಷದ ಕೆಲಸ ಸಿಕ್ಕಿದೆ. ಅಕ್ಟೋಬರ್‌ನಲ್ಲಿ ಸೇರಬೇಕು. ಮಗಳು ಯುಕೆಜಿ, ಮುಂದಿನ ಜೂನ್‌ಗೆ ಒಂದನೇ ಕ್ಲಾಸು. ಅತ್ತೆ ಊರು ಬಿಟ್ಟು ಬರುವುದಿಲ್ಲ. ಕೈಯಲ್ಲಿ ಒಂದೂವರೆ ಲಕ್ಷ ಉಳಿತಾಯ ಇದೆ. 'ತಿಂಗಳಿಗೆ 75,000 ಬಂದ್ರೆ ಆರಾಮಾಗಿ ಇರಬಹುದು, ಮೂವರೂ ಒಟ್ಟಿಗೆ ಹೋಗೋಣ' ಎನ್ನುತ್ತಾರೆ ಇವರು. ಹೋಗಬಹುದಾ?

ಉತ್ತರ: ಯಜಮಾನರು ಹೋಗಲಿ. ಮೂವರೂ ಅಕ್ಟೋಬರ್‌ನಲ್ಲೇ ಹೋಗುವುದು ಬೇಡ. ನಿಮ್ಮ ಪತ್ರದಲ್ಲಿರುವ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ಈ ಮಾತು ಹೇಳುತ್ತಿದ್ದೇನೆ. ಆ ಲೆಕ್ಕವನ್ನು ನೀವೂ ಅವರೂ ಜೊತೆಯಲ್ಲಿ ಕೂತು ಒಮ್ಮೆ ನೋಡಿ.

ಮೊದಲು ಆ 75,000 ನೋಡೋಣ. ಒಂಬತ್ತು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ 75,000 ಬರುತ್ತದೆ, ನಿಜ. ಆದರೆ ಆಫರ್ ಲೆಟರ್‌ನಲ್ಲಿ ಬರೆಯುವುದು ಕಂಪನಿಗೆ ಅವರ ಮೇಲೆ ಆಗುವ ಒಟ್ಟು ಖರ್ಚು, ಅಂದರೆ ಸಿಟಿಸಿ. ಅದಷ್ಟೂ ಕೈಗೆ ಬರುವುದಿಲ್ಲ. ಲೆಟರ್‌ನ ಕೊನೆಯ ಪುಟದಲ್ಲಿ ಸಂಬಳದ ಪಟ್ಟಿ ಇರುತ್ತದೆ, ಅದನ್ನು ತೆಗೆದು ನೋಡಿ. 'ವೇರಿಯಬಲ್' ಎಂದು ಶೇಕಡಾ 10 ಇದ್ದರೆ 90,000 ಅಲ್ಲೇ ಹೋಯಿತು. ಅದು ವರ್ಷದ ಕೊನೆಗೆ, ಕಂಪನಿಗೆ ತೃಪ್ತಿಯಾದರೆ ಬರುವ ದುಡ್ಡು. ಮೂಲ ವೇತನ ಅರ್ಧದಷ್ಟು, ಅಂದರೆ ತಿಂಗಳಿಗೆ 37,500 ಎಂದುಕೊಳ್ಳಿ. ಅದರ ಶೇಕಡಾ 12, ಅಂದರೆ 4,500 ರೂಪಾಯಿ, ಕಂಪನಿಯ ಪಾಲಿನ ಪಿಎಫ್. ಅದೂ ಈ 9 ಲಕ್ಷದೊಳಗೇ ಸೇರಿದೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಮತ್ತು ಆರೋಗ್ಯ ವಿಮೆಯ ಹೆಸರಲ್ಲಿ ವರ್ಷಕ್ಕೆ ಇನ್ನೊಂದು 31,200. ಇಷ್ಟು ಕಳೆದ ಮೇಲೆ ತಿಂಗಳಿಗೆ ಉಳಿಯುವುದು 60,400. ಅದರಲ್ಲಿ ಅವರ ಪಾಲಿನ ಪಿಎಫ್ 4,500, ವೃತ್ತಿ ತೆರಿಗೆ 200 ಹಿಡಿದುಕೊಂಡರೆ ಬ್ಯಾಂಕಿಗೆ ಬೀಳುವುದು ಸುಮಾರು 55,700. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 12 ಲಕ್ಷ 75 ಸಾವಿರದವರೆಗೆ ಆದಾಯ ತೆರಿಗೆ ಬೀಳದ ಕಾರಣ ಆ ಕಡಿತ ಇರುವುದಿಲ್ಲ, ಅದೊಂದು ಸಮಾಧಾನ. ಕೆಲವು ಕಂಪನಿಗಳು ಪಿಎಫ್‌ ಅನ್ನು 1,800ಕ್ಕೆ ನಿಲ್ಲಿಸುತ್ತವೆ. ಹಾಗಿದ್ದರೆ ಕೈಗೆ ಸ್ವಲ್ಪ ಜಾಸ್ತಿ ಬರುತ್ತದೆ.

ಈಗ ನಿಮ್ಮ ಮನೆಗೆ ಬರುತ್ತಿರುವುದು 38,000 ಮತ್ತು ನಿಮ್ಮ 6,000, ಒಟ್ಟು 44,000. ನೀವು ಊರು ಬಿಟ್ಟ ದಿನ ಆ 6,000 ನಿಲ್ಲುತ್ತದೆ. ಹಾಗಾಗಿ ಹೊಸ ಕೆಲಸದಿಂದ ಮನೆಗೆ ಹೆಚ್ಚಾಗುವುದು ತಿಂಗಳಿಗೆ 11,700 ಮಾತ್ರ. ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಎರಡು ಬೆಡ್‌ರೂಮಿನ ಸಾಧಾರಣ ಮನೆಯ ಬಾಡಿಗೆಗೂ ಅದು ಸಾಲುವುದಿಲ್ಲ.

ಇನ್ನೊಂದು ವಿಷಯ ಬಹಳ ಕುಟುಂಬಗಳ ಲೆಕ್ಕದಲ್ಲಿ ಬಿಟ್ಟೇ ಹೋಗುತ್ತದೆ. ನಮ್ಮ ಕಡೆ ಯಾರೂ ಊರಿನ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಬರುವುದಿಲ್ಲ. ಅಪ್ಪ ಅಮ್ಮ ಅಲ್ಲೇ ಇರುತ್ತಾರೆ. ಅಲ್ಲಿನ ಕರೆಂಟು, ರೇಷನ್ನು, ಬಿಪಿ ಮಾತ್ರೆ, ಹಬ್ಬ, ಮದುವೆ ಮುಂಜಿಯ ಮುಯ್ಯಿ ಎಲ್ಲ ಹಾಗೇ ನಡೆಯುತ್ತವೆ. ಹಾಗಾಗಿ ನೀವು ಬಜೆಟ್ ಮಾಡಬೇಕಿರುವುದು ಎರಡು ಮನೆಗೆ, ಮತ್ತು ಅವೆರಡರ ನಡುವಿನ ಓಡಾಟಕ್ಕೆ. ಅತ್ತೆಯವರ ಮನೆಗೆ ತಿಂಗಳಿಗೆ 6,000 ತೆಗೆದಿಡಿ. ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗಲು 2,000 ಇರಲಿ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ನೀವು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ರಾಜಹಂಸಕ್ಕೂ ಎಸಿ ಬಸ್ಸಿಗೂ ಅದು ಅನ್ವಯಿಸುವುದಿಲ್ಲ. ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಬೇಗವೂ ತಲುಪುತ್ತದೆ. ಆದರೆ ಪ್ರತಿ ಸಲ ಅದರಲ್ಲೇ ಓಡಾಡಿದರೆ ಈ 2,000 ಎಲ್ಲಿಗೂ ಸಾಲದು.

ಬೆಂಗಳೂರಿನ ಮನೆಗೆ ನಾನು ಹಾಕಿದ ಲೆಕ್ಕ ಹೀಗಿದೆ. ಬಾಡಿಗೆ 18,000. ಮೇಂಟೆನೆನ್ಸ್ ಮತ್ತು ನೀರು 1,500. ಕರೆಂಟು, ಗ್ಯಾಸು, ಇಂಟರ್ನೆಟ್, ಎರಡು ಮೊಬೈಲ್ ಸೇರಿ 3,000. ದಿನಸಿ, ಹಾಲು, ತರಕಾರಿ 12,000. ಮಗಳ ಶಾಲೆಗೆ ವರ್ಷಕ್ಕೆ 78,000 ಎಂದರೆ ತಿಂಗಳಿಗೆ 6,500, ಸ್ಕೂಲ್ ವ್ಯಾನಿಗೆ 2,000. ಯಜಮಾನರ ಓಡಾಟ 2,500. ಔಷಧಿ, ಬಟ್ಟೆ, ಕಟಿಂಗು, ಅಪರೂಪಕ್ಕೊಂದು ಹೋಟೆಲ್ ಊಟ ಎಲ್ಲಾ ಸೇರಿ 3,500. ಮುಂದೆ ಮನೆ ಬದಲಿಸುವಾಗ ಬ್ರೋಕರ್, ಪೇಂಟಿಂಗ್, ಲಾರಿ ಎಂದು ಒಂದೇ ಸಲ ದೊಡ್ಡ ಖರ್ಚು ಬರುತ್ತದೆ. ಅದಕ್ಕೆ ಈಗಿನಿಂದಲೇ ತಿಂಗಳಿಗೆ 2,500. ಊರಿನ 8,000 ಸೇರಿಸಿದರೆ ಒಟ್ಟು 59,500. ಚೀಟಿಯ 5,000 ಬೇರೆ. ಬರುವುದು 55,700, ಹೋಗುವುದು 64,500. ತಿಂಗಳಿಗೆ 8,800 ಕೊರತೆ.

ಇವತ್ತು ನೀವು ಬ್ಯಾಂಕಿಗೆ ಹಾಕುತ್ತಿರುವ 11,000 ಬೆಂಗಳೂರಿನಲ್ಲೂ ಉಳಿಯಬೇಕು ಎಂದರೆ ಕೈಗೆ 75,500 ಬರಬೇಕು. ಅಂದರೆ ನಿಮ್ಮ ಯಜಮಾನರ ಅಂದಾಜು ತಪ್ಪೇನಲ್ಲ. 75,000 ನಿಜವಾಗಿ ಕೈಗೆ ಬಂದಿದ್ದರೆ ಈಗಿನಷ್ಟೇ ನೆಮ್ಮದಿಯಾಗಿ ಇರಬಹುದಿತ್ತು. ಅಷ್ಟು ಕೈಗೆ ಬರಲು ಸಿಟಿಸಿ 12 ಲಕ್ಷದ ಆಸುಪಾಸು ಬೇಕು.

ಇನ್ನು ಬಾಡಿಗೆ. ಆಫೀಸು ಎಲ್ಲಿದೆ ಎಂಬುದರ ಮೇಲೆ ಮನೆ ಹುಡುಕಿ. ಅಣ್ಣನ ಮನೆ ರಾಜಾಜಿನಗರದಲ್ಲಿದೆ, ಚಿಕ್ಕಮ್ಮ ಪೀಣ್ಯದಲ್ಲಿದ್ದಾರೆ ಎಂದು ಅಲ್ಲಿ ಮನೆ ಮಾಡಬೇಡಿ. ದಾವಣಗೆರೆ ಕಡೆಯ ಬಸ್ಸು ಊರೊಳಗೆ ಬರುವುದು ತುಮಕೂರು ರಸ್ತೆಯಿಂದ. ಎಲೆಕ್ಟ್ರಾನಿಕ್ ಸಿಟಿ ಇರುವುದು ಹೊಸೂರು ರಸ್ತೆಯಲ್ಲಿ, ನಗರದ ಪೂರ್ತಿ ಆಚೆ ತುದಿಗೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಆ ಭಾಗದವರಿಗೆ ದೊಡ್ಡ ಅನುಕೂಲವಾಗಿದೆ. ಯಶವಂತಪುರದಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರೋಡ್‌ಗೆ ಬಂದು, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಬೊಮ್ಮಸಂದ್ರದವರೆಗೂ ಹೋಗಬಹುದು. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ, ಗರಿಷ್ಠ ದರ 90 ರೂಪಾಯಿ ಆಯಿತು. ದಿನಾ ಊರ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಬರುತ್ತದೆ. ಬೈಕಿನಲ್ಲಿ ಹೋಗುತ್ತೇನೆ ಎಂದರೆ ಪೆಟ್ರೋಲಿನ ಜೊತೆ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಟೋಲೂ ಇದೆ, ಬೈಕಿಗೂ ಬಿಡುವುದಿಲ್ಲ. ಹಾಗಾಗಿ ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್, ಹೆಬ್ಬಗೋಡಿ ಈ ಸಾಲಿನಲ್ಲಿ, ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ನೋಡಿ. ಸ್ಟೇಷನ್ನಿಗೆ ಹೋಗಲು ದಿನಾ ಆಟೊ ಹಿಡಿಯಬೇಕಾದರೆ ಕಡಿಮೆ ಬಾಡಿಗೆಯ ಲಾಭವೆಲ್ಲ ಅದರಲ್ಲೇ ಮುಗಿಯುತ್ತದೆ. ಮೀಟರ್‌ ಪ್ರಕಾರ ಹೋದರೂ ಆಟೊದ ಕನಿಷ್ಠ ದರ 2025ರ ಆಗಸ್ಟ್‌ನಿಂದ 36 ರೂಪಾಯಿ.

ಮನೆ ನೋಡಲು ಹೋದಾಗ ರೂಮಿನ ಅಳತೆಗಿಂತ ಮೊದಲು ನೀರು ನೋಡಿ. ಅಡುಗೆಮನೆಯ ನಲ್ಲಿ ತಿರುಗಿಸಿ. ನಲ್ಲಿಯ ಬಾಯಿಗೆ, ಬಚ್ಚಲಿನ ಟೈಲ್ಸಿಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟಿದೆಯಾ? ಹಾಗಿದ್ದರೆ ಅದು ಗಡಸು ಬೋರ್ ನೀರು. ಕುಡಿಯಲು ಫಿಲ್ಟರ್ ಹಾಕಿಸಬೇಕು, ಇಲ್ಲವೇ 20 ಲೀಟರಿನ ಕ್ಯಾನ್ ತರಿಸಬೇಕು. 'ಕಾವೇರಿ ಇದೆ' ಎಂದು ಓನರ್ ಹೇಳಿದರೆ, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿ. ಆಮೇಲೆ ಕೆಳಗಿನ ಮನೆಯ ಬಾಡಿಗೆದಾರರನ್ನು ಮಾತಾಡಿಸಿ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ರಾ, ದುಡ್ಡು ಯಾರು ಕೊಟ್ರು ಎಂದು ಕೇಳಿ. ಈ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಅವರಿಂದಲೇ. 2024ರ ಬೇಸಿಗೆಯಲ್ಲಿ ನೀರಿನ ಬವಣೆ ಎಷ್ಟಾಯಿತೆಂದರೆ, ಜಿಲ್ಲಾಡಳಿತವೇ ಟ್ಯಾಂಕರ್‌ಗೆ ದರ ಕಟ್ಟಬೇಕಾಯಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600, 12,000 ಲೀಟರಿಗೆ 1,000 ರೂಪಾಯಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಆದರೆ ಪೈಪು ಆ ಬೀದಿಗೆ ಬಂದಿದೆಯಾ, ಬಂದಿದ್ದರೆ ಈ ಓನರ್ ಸಂಪರ್ಕ ತೆಗೆದುಕೊಂಡಿದ್ದಾರಾ ಎಂಬುದನ್ನು ಮನೆ ಮನೆಯಲ್ಲೂ ವಿಚಾರಿಸಲೇಬೇಕು.

ನೀರಾದ ಮೇಲೆ ಕರೆಂಟ್ ಮೀಟರ್. ನಿಮ್ಮ ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯಾ, ಅಥವಾ ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇಟ್ಟು ಓನರ್ ಸಬ್‌ ಮೀಟರ್ ಲೆಕ್ಕದಲ್ಲಿ ಯೂನಿಟ್‌ಗೆ ಇಷ್ಟು ಎಂದು ವಸೂಲು ಮಾಡುತ್ತಾರಾ? ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆ ಮನೆಗೂ ಗೃಹಜ್ಯೋತಿ ಸಿಗುತ್ತದೆ. ಆದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದುಕೊಳ್ಳಬೇಡಿ. ಹಿಂದಿನ ಬಳಕೆಯ ಸರಾಸರಿ ನೋಡಿ ಉಚಿತದ ಮಿತಿ ನಿಗದಿಯಾಗುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ತಿಂಗಳ ಕೊರತೆಯನ್ನು ಹೇಗಾದರೂ ತೂಗಿಸಬಹುದು. ನನಗೆ ಹೆಚ್ಚು ಆತಂಕ ಇರುವುದು ಮೊದಲೇ ಕೈಯಿಂದ ಹಾಕಬೇಕಾದ ಗಂಟಿನ ಬಗ್ಗೆ. ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಈಗ ಬಹಳ ಕಡೆ ಐದಾರು ತಿಂಗಳಿಗೆ ಇಳಿದಿದೆ, ಚೌಕಾಸಿಗೂ ಜಾಗ ಇದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡೇ ತಿಂಗಳು ಎನ್ನುತ್ತದೆ, ಆದರೆ ಅದು ಮಾದರಿ ಮಾತ್ರ. ಅದನ್ನು ತೋರಿಸಿದರೆ ಓನರ್ ಬೇರೆಯವರಿಗೆ ಮನೆ ಕೊಡುತ್ತಾರೆ ಅಷ್ಟೆ. ಐದು ತಿಂಗಳೆಂದರೆ 90,000. ಮೊದಲ ತಿಂಗಳ ಬಾಡಿಗೆ 18,000, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ 18,000. ಊರಿನ ಸಾಮಾನನ್ನೆಲ್ಲ ಲಾರಿಗೆ ಹಾಕಿ ತರುವ ಹಾಗಿಲ್ಲ, ಅತ್ತೆಯವರಿಗೆ ಅಲ್ಲಿ ಫ್ರಿಜ್ಜು, ಒಲೆ, ಮಿಕ್ಸಿ, ಮಂಚ ಬೇಕಲ್ವಾ? ಹಾಗಾಗಿ ಇಲ್ಲಿಗೆ ಇನ್ನೊಂದು ಸೆಟ್ಟು. ಸೆಕೆಂಡ್ ಹ್ಯಾಂಡ್ ನೋಡಿ ತಂದರೂ 35,000 ಹಿಡಿಯಿರಿ. ಗ್ಯಾಸ್ ಕನೆಕ್ಷನ್ ಅತ್ತೆಯವರ ಬಳಿಯೇ ಇರಲಿ. ಇಲ್ಲಿ ಶುರುವಿಗೆ ಗುರುತಿನ ಚೀಟಿ ತೋರಿಸಿದರೆ ಕೊಡುವ 5 ಕೆಜಿಯ ಸಣ್ಣ ಸಿಲಿಂಡರ್ ಸಾಕು. ಕೆಜಿ ಲೆಕ್ಕದಲ್ಲಿ ಅದು ಸ್ವಲ್ಪ ದುಬಾರಿ. ಸಾಮಾನು ಸಾಗಿಸಲು 8,000, ಶಾಲೆಯ ಮೊದಲ ಕಂತು 45,000, ಮೊದಲ ಸಂಬಳ ಬರುವ ತನಕ ಊಟ ತಿಂಡಿಗೆ 25,000. ಎಲ್ಲ ಸೇರಿದರೆ 2,39,000.

ನಿಮ್ಮ ಕೈಯಲ್ಲಿ ಇರುವುದು ಒಂದೂವರೆ ಲಕ್ಷ. ಉಳಿದ 89,000ಕ್ಕೆ ಏನು ಮಾಡುತ್ತಾರೆ? ಸಾಮಾನ್ಯವಾಗಿ ಹೆಂಗಸರ ಬಳೆ, ಸರ ಬ್ಯಾಂಕಿಗೆ ಹೋಗುತ್ತದೆ. ಶೇಕಡಾ 10ರ ಬಡ್ಡಿ ಎಂದರೂ ತಿಂಗಳಿಗೆ 740 ರೂಪಾಯಿ. ಅದನ್ನೂ ಬಾಡಿಗೆಯ ಜೊತೆಗೇ ಸೇರಿಸಿ ಲೆಕ್ಕ ಹಾಕಬೇಕು. ತಿಂಗಳಿಗೆ ಎಂಟು ಸಾವಿರ ಕಡಿಮೆ ಬೀಳುವ ಮನೆಯಲ್ಲಿ ಆ ಒಡವೆ ಬಿಡಿಸಿಕೊಳ್ಳುವುದು ಯಾವಾಗ? ಇದಕ್ಕಾಗಿಯೇ ಮೂವರೂ ಈಗಲೇ ಹೊರಡಬೇಡಿ ಎನ್ನುತ್ತಿದ್ದೇನೆ. ಹಳೆಯ ಕಂಪನಿಯ ಪಿಎಫ್ ತೆಗೆದು ಅಡ್ವಾನ್ಸ್ ಕಟ್ಟುವ ಯೋಚನೆಯೂ ಬೇಡ. ಅದನ್ನು ಅದೇ ಯುಎಎನ್ ಸಂಖ್ಯೆಯಲ್ಲಿ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಹೊಸ ಕಂಪನಿಗೆ ವರ್ಗ ಮಾಡಿಸಿ. ಅಡ್ವಾನ್ಸ್ ಪೂರ್ತಿ ವಾಪಸ್ ಬರುವ ದುಡ್ಡು ಎಂದೂ ತಿಳಿಯಬೇಡಿ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿ ಮಾಮೂಲು. ಎಷ್ಟು ಹಿಡಿಯುತ್ತಾರೆ ಎಂಬುದನ್ನು 11 ತಿಂಗಳ ಕರಾರಿನಲ್ಲೇ ಬರೆಸಿ. ಒಳಗೆ ಹೋದ ದಿನವೇ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲದರ ಫೋಟೊ ತೆಗೆದು ಓನರಿಗೆ ವಾಟ್ಸಾಪ್ ಮಾಡಿ.

ಬಾಡಿಗೆ ಕಟ್ಟುವುದು ತಪ್ಪುತ್ತದೆ, ಭೋಗ್ಯಕ್ಕೆ ಹೋಗಿ ಎಂದು ಯಾರಾದರೂ ಸಲಹೆ ಕೊಡಬಹುದು. ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವ ಪದ್ಧತಿ ಇದು. ಆ ದುಡ್ಡು ನಿಮ್ಮಲ್ಲಿಲ್ಲ, ಸಾಲ ಮಾಡಿ ಹಾಕಬೇಡಿ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು, ಓನರ್ ಕಂತು ಕಟ್ಟದೆ ಹೋದರೆ ನಿಮ್ಮ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆಂದಾದರೂ ಹೋಗುವುದಾದರೆ ಮನೆಯ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ, ಕರಾರನ್ನು ನೋಂದಣಿ ಮಾಡಿಸಿಯೇ ಹೋಗಿ.

ಹಾಗಾದರೆ ಏನು ಮಾಡಬೇಕು? ಯಜಮಾನರು ಅಕ್ಟೋಬರ್‌ನಲ್ಲಿ ಹೋಗಿ ಆಫೀಸಿನ ಹತ್ತಿರ ಪಿಜಿ ಹಿಡಿಯಲಿ. ಶೇರಿಂಗ್ ರೂಮಿಗೆ ಊಟ ಸೇರಿ 9,500 ಎಂದುಕೊಳ್ಳೋಣ. ಪಿಜಿಗೂ ಅಡ್ವಾನ್ಸ್ ಇರುತ್ತದೆ, ಆದರೆ ಸಾಮಾನ್ಯವಾಗಿ ಒಂದು ತಿಂಗಳದ್ದಷ್ಟೆ. ಓಡಾಟ, ಕೈಖರ್ಚು, ಊರಿಗೆ ಬಂದು ಹೋಗುವುದು ಎಲ್ಲ ಸೇರಿ ಅವರ ಖರ್ಚು 17,000. ದಾವಣಗೆರೆ ಮನೆಗೆ 25,000, ಚೀಟಿಗೆ 5,000. ಬರುವುದು ಅವರ 55,700 ಮತ್ತು ನಿಮ್ಮ 6,000. ಉಳಿಯುವುದು ತಿಂಗಳಿಗೆ 14,700. ಜೂನ್ ಹೊತ್ತಿಗೆ ಎಂಟು ತಿಂಗಳಾಗುತ್ತದೆ, 1,17,000ಕ್ಕೂ ಜಾಸ್ತಿ ಕೂಡಿರುತ್ತದೆ. ಈಗಿನ ಒಂದೂವರೆ ಲಕ್ಷ ಸೇರಿಸಿದರೆ ಒಡವೆ ಮುಟ್ಟದೆಯೇ ಆ ಗಂಟು ಹೊಂದಿಕೆಯಾಗುತ್ತದೆ. ಮಗಳ ಯುಕೆಜಿ ಫೀಸು ಈಗಾಗಲೇ ಕಟ್ಟಿರುತ್ತೀರಿ. ವರ್ಷದ ನಡುವೆ ಶಾಲೆ ಬದಲಿಸಿ ಎರಡು ಸಲ ಕಟ್ಟುವ ಪ್ರಮೇಯವೂ ಬರುವುದಿಲ್ಲ. ಅಷ್ಟರಲ್ಲಿ ಅವರಿಗೆ ಆ ಕಂಪನಿ ಒಗ್ಗುತ್ತದೆಯಾ, ಪ್ರೊಬೇಷನ್ ಸರಿಯಾಗಿ ಮುಗಿಯುತ್ತದೆಯಾ ಎಂಬುದೂ ಗೊತ್ತಾಗುತ್ತದೆ.

ಇದು ಸುಲಭ ಎಂದು ನಾನು ಹೇಳುವುದಿಲ್ಲ. ಐದಾರು ವರ್ಷದ ಮಗುವಿಗೆ ಎಂಟು ತಿಂಗಳು ಅಪ್ಪ ವಾರದ ಕೊನೆಗೆ ಮಾತ್ರ ಸಿಗುವುದು ಕಷ್ಟವೇ. ನಿಮಗೂ ಒಬ್ಬರೇ ಎಲ್ಲ ನಿಭಾಯಿಸಬೇಕಾಗುತ್ತದೆ. ಆದರೂ ಹೊಸ ಊರಿನಲ್ಲಿ ಪ್ರತಿ 20ನೇ ತಾರೀಕು ದುಡ್ಡಿನ ಮೇಲೆ ಗಂಡ ಹೆಂಡತಿ ಜಗಳ ಆಡುವುದಕ್ಕಿಂತ ಇದು ವಾಸಿ. ಆ ಜಗಳ ಮಗುವಿಗೆ ಇದಕ್ಕಿಂತ ಜಾಸ್ತಿ ತಾಗುತ್ತದೆ.

ಈ ಎಂಟು ತಿಂಗಳಲ್ಲಿ ಶಾಲೆ ಹುಡುಕುವ ಕೆಲಸ ಮುಗಿಸಿ. ಬೆಂಗಳೂರಿನ ಖಾಸಗಿ ಶಾಲೆಗಳ ಅಡ್ಮಿಷನ್ ನವೆಂಬರ್, ಡಿಸೆಂಬರ್‌ ಹೊತ್ತಿಗೇ ಶುರುವಾಗಿಬಿಡುತ್ತದೆ. ಮೇ ತಿಂಗಳಲ್ಲಿ ಹೋಗಿ ಕೇಳಿದರೆ ದುಬಾರಿ ಶಾಲೆಗಳಲ್ಲೇ ಸೀಟು ಉಳಿದಿರುವುದು. ಫೀಸು ಎಷ್ಟು ಎಂದಷ್ಟೇ ಕೇಳಬೇಡಿ. ಪುಸ್ತಕ, ಯೂನಿಫಾರ್ಮ್, ವ್ಯಾನು, ಪ್ರವೇಶ ಶುಲ್ಕ ಎಲ್ಲ ಸೇರಿ ಮೊದಲ ವರ್ಷ ಎಷ್ಟಾಗುತ್ತದೆ, ಎರಡನೇ ವರ್ಷ ಎಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಊರಿನ ಶಾಲೆಯಿಂದ ಟಿಸಿ ತರುವಾಗ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಮರೆಯಬೇಡಿ.

ಜೂನ್‌ನಲ್ಲಿ ಬಂದ ಮೇಲೂ ಆ 8,800ರ ಕೊರತೆ ಹಾಗೇ ಇರುತ್ತದಲ್ಲ ಎಂದು ಕೇಳಬಹುದು. ಹೌದು, ಇರುತ್ತದೆ. ಅದಕ್ಕೆ ಮೊದಲ ವರ್ಷ ಒಂದು ಬೆಡ್‌ರೂಮಿನ ಮನೆಯಲ್ಲೇ ಇರಿ. ಬಾಡಿಗೆ 13,000ಕ್ಕೆ ಸಿಕ್ಕರೆ 5,000 ಉಳಿಯಿತು, ಅಡ್ವಾನ್ಸೂ 25,000 ಇಳಿಯಿತು. ಶಾಲೆ 50,000ದೊಳಗಿನದು ನೋಡಿದರೆ ಇನ್ನೊಂದು 2,300. ಉಳಿಯುವ ಕೊರತೆ 1,500. ಅತ್ತೆ ಬಂದಾಗ ಹಾಲ್‌ನಲ್ಲಿ ಮಲಗಬೇಕಾಗುತ್ತದೆ ಎಂಬ ಸಂಕೋಚಕ್ಕೆ ತಿಂಗಳಿಗೆ 5,000 ಜಾಸ್ತಿ ಕಟ್ಟುವವರಿದ್ದಾರೆ. ಅವರು ವರ್ಷಕ್ಕೆ ಎಷ್ಟು ದಿನ ಬಂದು ಇರುತ್ತಾರೆ ಎಂದು ಅವರನ್ನೇ ಕೇಳಿ. ಅತ್ತೆಯಂದಿರು ಇಂಥದ್ದನ್ನು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ನಿಮ್ಮ ಹೊಲಿಗೆ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಬ್ಲೌಸಿನ ಮಜೂರಿ ಊರಿಗಿಂತ ಚೆನ್ನಾಗಿದೆ, ಲೈನಿಂಗ್ ಬ್ಲೌಸು, ಫಾಲ್ಸ್ ಪೀಕೊ ಕೆಲಸಕ್ಕೆ ಅಪಾರ್ಟ್‌ಮೆಂಟ್‌ಗಳ ಸುತ್ತ ಬೇಡಿಕೆಯೂ ಇದೆ. ಆದರೆ ಅಳತೆ ಬ್ಲೌಸ್ ನಂಬಿ ಕೊಡುವ ಗಿರಾಕಿಗಳು ಸಿಗಲು ಐದಾರು ತಿಂಗಳು ಬೇಕು. ಅಲ್ಲಿವರೆಗೆ ಆ ಆದಾಯವನ್ನು ಬಜೆಟ್‌ನಲ್ಲಿ ಬರೆಯಬೇಡಿ. ಮೆಷಿನ್ ಮಾತ್ರ ಮೊದಲ ಲೋಡಿನಲ್ಲೇ ಬರಲಿ. ನಿಮ್ಮ ಕೆಲಸ ನಿಲ್ಲುವುದರಿಂದ ಆಗುವ ನಷ್ಟ ಕುಟುಂಬದ ನಷ್ಟವೇ, ಅದನ್ನು ಯಾರೂ 'ಸುಮ್ನೆ ಮನೇಲಿ ಮಾಡ್ತಿದ್ದ ಕೆಲಸ' ಎಂದು ತಳ್ಳಿಹಾಕುವುದು ಬೇಡ.

ರಾಜೀನಾಮೆ ಕೊಡುವ ಮೊದಲು ಯಜಮಾನರು ಹೊಸ ಕಂಪನಿಯ ಎಚ್‌ಆರ್ ಜೊತೆ ಮಾತಾಡಲಿ. ಆಮೇಲೆ ಕೇಳಿದರೆ ಬೆಲೆ ಇರುವುದಿಲ್ಲ. 90,000 ವೇರಿಯಬಲ್ ಅನ್ನು ಸ್ಥಿರ ಸಂಬಳಕ್ಕೆ ಸೇರಿಸಲು ಸಾಧ್ಯವೇ, ಊರು ಬದಲಿಸುವ ಖರ್ಚಿಗೆ ಏನಾದರೂ ಕೊಡುತ್ತಾರಾ, ವಿಮೆಯಲ್ಲಿ ತಾಯಿಯೂ ಸೇರುತ್ತಾರಾ, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು, ತಿಂಗಳ ಯಾವ ತಾರೀಕಿನೊಳಗೆ ಸೇರಿದರೆ ಅದೇ ತಿಂಗಳ ಸಂಬಳ ಬರುತ್ತದೆ ಎಂದೆಲ್ಲ ಕೇಳಲಿ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಸಿಕ್ಕರೆ ಶುಕ್ರವಾರ, ಸೋಮವಾರ ದಾವಣಗೆರೆಯಲ್ಲೇ ಇರಬಹುದು, ಮಗಳಿಗೆ ನಾಲ್ಕು ದಿನ ಅಪ್ಪ ಸಿಗುತ್ತಾರೆ. ಈಗಿನ ಕಂಪನಿಯಲ್ಲಿ ಅವರಿಗೆ ಐದು ವರ್ಷ ತುಂಬಲು ಕೆಲವೇ ವಾರ ಬಾಕಿ ಇದ್ದರೆ ಸೇರುವ ದಿನವನ್ನು ಅಷ್ಟು ಮುಂದಕ್ಕೆ ಹಾಕಿಸಿಕೊಳ್ಳಲಿ. ಐದು ವರ್ಷ ತುಂಬಿದರೆ ಅಲ್ಲಿನ ಗ್ರಾಚ್ಯುಟಿ ಸಿಗುತ್ತದೆ, ಬೆಂಗಳೂರಿನ ಅಡ್ವಾನ್ಸಿಗೆ ಅದೇ ದೊಡ್ಡ ಆಸರೆಯಾಗುತ್ತದೆ.